ಒಳಸಂಬಂಧದ ನಡುಕ

ಅಣ್ಣ ಚನ್ನಗಿರಿಯಿಂದ ಫೋನ್ ಮಾಡಿ, ತನ್ನ ಮಗಳನ್ನು ಜಗಳೂರಿನ ನಮ್ಮ ಅಕ್ಕನ ಮಗನಿಗೇ ಕೊಡುವುದೆಂದು ತೀರ್ಮಾನವಾಯಿತು ಎಂದಾಗ ನನಗೆ ಸಿಟ್ಟು ಬರಲಿಲ್ಲ, ಓಕರಿಕೆ ಬಂತು. "ಭಾನುವಾರ ಹೂ ಮುಡಿಸೋ ಶಾಸ್ತ್ರ ಐತೆ, ಬೆಳಿಗ್ಗೆನೇ ಬಂದ್ಬಿಡು. ಹೊರಗಿನೋರು ಯಾರೂ ಇಲ್ಲ, ಎಲ್ಲ ನಮ್ಮೋರೇ," ಎಂದ. ಎಲ್ಲ ನಮ್ಮವರೇ! ಥೂ, ಅದೇ ಅಲ್ಲವೇ ರೋಗ.

ನನಗೆ ಪಾರ್ಕಿನ್ಸನ್ ಇದೆ. ಮುದುಕರ ಕಾಯಿಲೆ ಎಂದು ಲೋಕವೆಲ್ಲ ತಿಳಿದಿರುವ ಇದು ನನಗೆ ಮಗ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಾಗಲೇ ಬಂತು. ನಾನಿರುವುದು ನ್ಯಾಮತಿಯಲ್ಲಿ, ಪಾಠ ಹೇಳುವುದು ಹೊನ್ನಾಳಿಯ ಹೈಸ್ಕೂಲಿನಲ್ಲಿ. ಮೊದಲು ಕೆಟ್ಟದ್ದು ಅಕ್ಷರ. ಬೋರ್ಡಿನ ಮೇಲೆ ದುಂಡಗೆ ಶುರುವಾದ ಸಾಲು ಕೊನೆ ಮುಟ್ಟುವಷ್ಟರಲ್ಲಿ ಸಾಸಿವೆ ಕಾಳಿನಷ್ಟಾಗುತ್ತಿತ್ತು. ಹಿಂದಿನ ಬೆಂಚಿನವರು "ಕಾಣಾಕಿಲ್ಲ ಮಿಸ್" ಎಂದರೆ ಅವರ ಕಣ್ಣಿಗೇನಾಗಿದೆ ಎಂದು ಗದರಿಸುತ್ತಿದ್ದೆ. ಆಮೇಲೆ ಬಲಗೈ ತಾನೇ ತಾನಾಗಿ ನಡುಗಲು ಹಿಡಿಯಿತು.

ನಡುಗುವ ಹೆಂಗಸನ್ನು ಕಂಡರೆ ಜನಕ್ಕೆ ಏನೇನು ಹೊಳೆಯುತ್ತದೋ! ಹೊನ್ನಾಳಿ ಬಸ್ಸಿನಲ್ಲಿ ಹಿಂದಿನ ಸೀಟಿನವನೊಬ್ಬ, "ಈಗೀಗ ಹೆಣ್ಮಕ್ಳೂ ಬೆಳಿಗ್ಗೆನೇ ಏರ್ಸಾಕೆ ಶುರು ಮಾಡ್ಯಾರೆ," ಎಂದು ನನಗೆ ಕೇಳುವಂತೆಯೇ ಹೇಳಿದ. ಮಾತ್ರೆ ಶುರುವಾದ ಮೇಲೆ ಇನ್ನೊಂದು ಚಂದ. ಮಾತ್ರೆಯ ಜೋರು ಏರಿದಾಗ ಮೈ ತೂಗಾಡುತ್ತದೆ, ಕತ್ತು ಹೊಯ್ದಾಡುತ್ತದೆ. ಹಾಗೊಮ್ಮೆ ಕಟ್ಟೆಯ ಮೇಲೆ ಕೂತು ತೂಗುತ್ತಿದ್ದಾಗ ಪಕ್ಕದ ಮನೆಯಾಕೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದು ನನ್ನ ಕಾಲಿಗೆ ಬಿದ್ದಳು. "ತಾಯಿ, ನನ್ನ ಸೊಸೆಗೆ ಗಂಡೋ ಹೆಣ್ಣೋ, ಹೇಳವ್ವ."

"ಏಳ್ರೀ ಮೇಲೆ. ದೇವರೂ ಇಲ್ಲ ದಿಂಡರೂ ಇಲ್ಲ, ಮಾತ್ರೆ ಜಾಸ್ತಿ ಆಗೈತೆ."

"ಹಂಗನ್ಬ್ಯಾಡ ತಾಯಿ, ಸಿಟ್ಟಾಗ್ಬ್ಯಾಡ," ಎಂದು ಇನ್ನೊಂದು ಸಲ ಬಿದ್ದಳು.

ಕೊನೆಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿಯ ಡಾಕ್ಟರು, ನನಗಿಂತ ಚಿಕ್ಕವಳು, ಕೈಕಾಲು ಎಳೆದು ಮಡಿಸಿ ನೋಡಿದ ಮೇಲೆ ಕೇಳಿದ ಮೊದಲ ಪ್ರಶ್ನೆ: "ನಿಮ್ಮ ತಂದೆ ತಾಯಿ ಮದುವೆಗೆ ಮೊದಲೇ ಸಂಬಂಧಿಕರಾ?" ನನಗೆ ನಗು ಬಂತು. ಸಂಬಂಧಿಕರಾ ಎಂದರೇನು, ನಮ್ಮ ಅವ್ವ ಅಪ್ಪನ ಸ್ವಂತ ಅಕ್ಕನ ಮಗಳು. ಹೊಲ ಹೊರಗೆ ಹೋಗಬಾರದು ಎಂದು ಹದಿನೈದರ ಹುಡುಗಿಯನ್ನು ಅವಳ ಸೋದರಮಾವನಿಗೇ ಕಟ್ಟಿದ್ದರು. ಅಪ್ಪನ ತಾಯಿಯೇ ಅವ್ವನಿಗೆ ಅಜ್ಜಿ. ಡಾಕ್ಟರು ನಗಲಿಲ್ಲ, ರಕ್ತ ತೆಗೆಸಿದಳು.

ವರದಿ ಬಂದ ಮೇಲೆ ಆಕೆ ಹೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಮನೆಗೆ ಎರಡು ಬೀಗದಕೈ ಇದ್ದಂತೆ, ಪ್ರತಿಯೊಂದು ಜೀನ್ ನಮ್ಮಲ್ಲಿ ಎರಡೆರಡು ಇರುತ್ತದೆ, ಒಂದು ಅಪ್ಪನದು, ಒಂದು ಅವ್ವನದು. ಒಂದು ಬೀಗದಕೈ ಮುರಿದಿದ್ದರೂ ಇನ್ನೊಂದರಲ್ಲಿ ಬಾಗಿಲು ತೆಗೆಯುತ್ತದೆ, ಜೀವನ ಪೂರ್ತಿ ಗೊತ್ತೇ ಆಗುವುದಿಲ್ಲ. ಎರಡೂ ಮುರಿದಿದ್ದರೆ ಮಾತ್ರ ನನ್ನ ಹಾಗೆ. ಎಲ್ಲರ ಪಾರ್ಕಿನ್ಸನ್ನೂ ಹೀಗೇ ಬರುವುದಿಲ್ಲ, ಆದರೆ ಚಿಕ್ಕ ವಯಸ್ಸಿಗೆ ಬರುವುದು ಹಲವು ಸಲ ಹೀಗೆ. ಮುರಿದದ್ದು ಆ ಅಜ್ಜಿಯಿಂದಲೋ ಅಜ್ಜನಿಂದಲೋ ಇಳಿದಿತ್ತು, ಮನೆಯೊಳಗೇ ಮದುವೆ ಮಾಡಿದ್ದರಿಂದ ಎರಡು ದಾರಿಯಿಂದ ಬಂದು ನನ್ನಲ್ಲಿ ಸೇರಿತು. ಅಪ್ಪ ನನ್ನನ್ನೂ ಒಳಗೇ ಕೊಡಬೇಕೆಂದಿದ್ದ. ಬಿ.ಎಡ್. ಓದುವಾಗ ಕಂಡವನನ್ನೇ ಕಟ್ಟಿಕೊಳ್ಳುತ್ತೇನೆಂದು ನಾನು ಹಟ ಹಿಡಿದದ್ದು ನನ್ನ ಮಗನ ಪುಣ್ಯ.

ಈ ಬೀಗದಕೈ ಕಥೆಯನ್ನು ಚನ್ನಗಿರಿಯ ಮನೆಯಲ್ಲಿ ಎಲ್ಲರನ್ನೂ ಕೂರಿಸಿ ಹೇಳಿದೆ. ಅಣ್ಣ, ಅಕ್ಕ ಇಬ್ಬರಲ್ಲೂ ಒಂದೊಂದು ಮುರಿದದ್ದು ಇರಬಹುದು, ಇಲ್ಲದೆಯೂ ಇರಬಹುದು, ಅವರ ಮಕ್ಕಳಿಗೂ ಹಾಗೇ, ಇನ್ನು ಮೇಲೆ ಒಳಗೊಳಗೆ ಮದುವೆ ಬೇಡ ಎಂದೆ. ಅವ್ವ ಸೆರಗಿನ ತುದಿ ಹಿಂಡುತ್ತ, "ಅಂದ್ರೆ ನಾನೇ ಕೊಟ್ನೇನೆ ನಿಂಗೆ?" ಎಂದಳು. ಅವಳೇನು ಕೊಟ್ಟಳು ಪಾಪ, ಅವಳನ್ನೇ ಕೇಳದೆ ಕೊಟ್ಟಿದ್ದರು. ಆ ದಿನ ಅವ್ವ ಊಟ ಮಾಡಲಿಲ್ಲ. ಈಗ ಅವಳಿಲ್ಲ.

ಅಣ್ಣನದು ಗೊಬ್ಬರದ ಅಂಗಡಿ. ಮಗಳು ಬಿ.ಕಾಂ. ಮುಗಿಸಿ ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತಿದ್ದಳು. ಅವಳಿಗೆ ಹೊರಗಿನ ಗಂಡುಗಳು ಬಂದರು, ಉಪ್ಪಿಟ್ಟು ತಿಂದರು, ಹೋದರು. ತ್ಯಾವಣಿಗೆಯವರು ಮಾತ್ರ ಮಧ್ಯಸ್ಥನ ಹತ್ತಿರ ನೇರ ಹೇಳಿ ಕಳಿಸಿದರು: "ಅವರ ಮನ್ಯಾಗೆ ನಡುಗೋರು ಒಬ್ರು ಅದಾರಂತಲ್ಲ." ನಡುಗುವವಳು ನಾನು. ನನ್ನ ರೋಗಕ್ಕೆ ಹೆದರಿ ಹೊರಗಿನವರು ಬರಲೊಲ್ಲರು. ಹೊರಗಿನವರು ಬರಲಿಲ್ಲವೆಂದು ಇವರು ಒಳಗೇ ಕೊಡುತ್ತಾರೆ. ಯಾವುದರಿಂದ ರೋಗ ಬಂತೋ, ಆ ರೋಗದ ದೆಸೆಯಿಂದಲೇ ಮತ್ತೆ ಅದನ್ನೇ ಮಾಡುತ್ತಾರೆ! ಇದಕ್ಕಿಂತ ಹೇಸಿಗೆ ಇನ್ನೇನಿದೆ?

ಭಾನುವಾರ ಮೊದಲ ಬಸ್ಸಿಗೇ ಹೋದೆ. ಜಗಳೂರಿನವರು ಬರುವ ಮೊದಲೇ ಅಣ್ಣನನ್ನು ಹಿತ್ತಲಿಗೆ ಕರೆದು, "ಮದುವೆ ಬ್ಯಾಡ ಅನ್ನಲ್ಲ ಮಾರಾಯ. ಇಬ್ರ ರಕ್ತನೂ ಕೊಡ್ಸು. ಒಬ್ರದು ನೆಟ್ಟಗಿದ್ರೂ ಸಾಕು, ಮಕ್ಳಿಗೆ ಈ ಭಯ ಇಲ್ಲ," ಎಂದೆ.

"ರಕ್ತ ಕೊಟ್ರೆ ಊರಿಗೆಲ್ಲ ಗೊತ್ತಾಗ್ತೈತೆ. ಆಮೇಲೆ ಅವಳನ್ನ ಯಾರು ಮೂಸಿ ನೋಡ್ತಾರೆ?"

"ಹುಟ್ಟೋ ಕೂಸಿಗೆ ನನ್ನಂಗೆ ಆದ್ರೆ?"

ಅಣ್ಣ ಕಡ್ಡಿಯಿಂದ ಹಲ್ಲಿನ ಸಂದಿಯ ಅಡಿಕೆ ಚೂರು ತೆಗೆಯುತ್ತ ಹೇಳಿದ: "ಆದ್ರೆ ನಿಂಗೆ ಹಾಕ್ಸಿದ್ವಲ್ಲ, ಹಂಗೇ ತಲೆಗೆ ಮಿಷನ್ ಹಾಕ್ಸಿದ್ರಾಯ್ತು. ಈಗೇನು ನೀನು ಚೆನ್ನಾಗಿಲ್ವಾ?"

ಹಾಕಿಸುವುದಂತೆ! ಮನೆಗೆ ಫ್ಯಾನ್ ಹಾಕಿಸಿದ ಹಾಗೆ. ತಲೆ ನುಣ್ಣಗೆ ಬೋಳಿಸಿ, ಹಣೆಗೆ ಕಬ್ಬಿಣದ ಚೌಕಟ್ಟು ಇಟ್ಟು ತಿರುಪು ಬಿಗಿದಾಗ ಇವನು ಎಲ್ಲಿದ್ದ? ಎಚ್ಚರವಿರಬೇಕು, ನಿದ್ದೆ ಬರಿಸುವಂತಿಲ್ಲ. ಬುರುಡೆ ಕೊರೆಯುವಾಗ ನೋವಿಲ್ಲ, ಸದ್ದು ಮಾತ್ರ, ಬೋರ್‌ವೆಲ್ ಲಾರಿ ಕಿವಿಯ ಹಿಂದೆಯೇ ನಿಂತ ಹಾಗೆ. ಆ ತೂತಿನಿಂದ ತಂತಿಯೊಂದನ್ನು ಮಿದುಳಿನ ಆಳಕ್ಕೆ ಇಳಿಸಿ, ಸಣ್ಣಗೆ ಕರೆಂಟು ಬಿಡುತ್ತ, "ಕೈ ಮುಚ್ಚಿ, ತೆಗೀರಿ. ಸುರುಳಿ ಬರೀರಿ. ನಿಮ್ಮ ಊರು ಹೇಳಿ," ಎನ್ನುತ್ತಿದ್ದರು. ಹೇಳುತ್ತ ಹೇಳುತ್ತ ಬಲಗೈ ನಿಂತಿತು. ಅಷ್ಟು ವರ್ಷ ಒದ್ದಾಡಿದ ಕೈ ಸುಮ್ಮನೆ ಮಲಗಿತು. ನಾನು ಹೋ ಎಂದು ಅತ್ತೆ. "ಅಲ್ಲಾಡಬೇಡಿ" ಎಂದು ಗದರಿಸಿದರು. ಆಮೇಲೆ ನಿದ್ದೆ ಕೊಟ್ಟು, ಕತ್ತಿನ ಚರ್ಮದ ಕೆಳಗಿಂದ ತಂತಿ ಎಳೆದು, ಎದೆಯ ಮೇಲೆ ಬೆಂಕಿಪೊಟ್ಟಣದಷ್ಟು ಬ್ಯಾಟರಿ ಹೂತರು. ಅದನ್ನು ಹದಕ್ಕೆ ತರಲು ಎಷ್ಟೋ ತಿಂಗಳು ಬೆಂಗಳೂರಿಗೆ ಅಲೆದೆವು. ಮಿಷನ್ ನಡುಕವನ್ನು ಹಿಡಿದಿಡುತ್ತದೆ, ರೋಗವನ್ನಲ್ಲ. ಸಂಜೆಯಾದರೆ ನನ್ನ ನಾಲಿಗೆ ಈಗಲೂ ತೊಡರುತ್ತದೆ, ಪಾಠ ಹೇಳುವವಳಿಗೆ ಅದೇನು ಕಡಿಮೆ ಸಂಕಟವೇ? ನನ್ನ ಬೋಳು ತಲೆ ಕಂಡು ಕೇಳಿದವರಿಗೆ ಇದೇ ಅಣ್ಣ, "ದೇವರಿಗೆ ಮುಡಿ ಕೊಟ್ಟು ಬಂದ್ಲು," ಎಂದು ಹೇಳಿದ್ದ.

ಇಷ್ಟನ್ನೂ ಅವನ ಮುಖಕ್ಕೆ ಹೇಳಬೇಕು ಎನ್ನುವಷ್ಟರಲ್ಲಿ ಜಗಳೂರಿನವರ ಕಾರು ಬಂತು. ನನ್ನನ್ನು ಕೋಣೆಯಲ್ಲಿ ಬಚ್ಚಿಡುತ್ತಾರೆ ಎಂದುಕೊಂಡಿದ್ದೆ. ಅಯ್ಯೋ, ಅದೂ ಇಲ್ಲ. ಅಣ್ಣ ನನ್ನ ಕೈಗೆ ತುಂಬಿದ ನೀರಿನ ಲೋಟ ಕೊಟ್ಟು ಭಾವನ ಕಡೆಯವರ ಮುಂದೆ ನಿಲ್ಲಿಸಿದ. "ನೋಡ್ರಿ, ನಮ್ ತಂಗಿ. ಎಲ್ಲೈತ್ರೀ ನಡುಕ? ಒಂದು ಹನಿ ಚೆಲ್ಲಲ್ಲ." ಸಂತೆಯಲ್ಲಿ ಎಮ್ಮೆಯ ಹಲ್ಲು ತೋರಿಸುವವನ ಖುಷಿ ಅವನ ಮುಖದಲ್ಲಿತ್ತು. ಭಾವನ ಚಿಕ್ಕಮ್ಮನೊಬ್ಬಳು ಎದ್ದು ಬಂದು, ನನ್ನ ಸೆರಗು ತಾನೇ ಸರಿಸಿ, ಎದೆಯ ಮೇಲಿನ ಉಬ್ಬನ್ನು ಬೆರಳಿನಿಂದ ಒತ್ತಿದಳು. "ಇದೇನಾ ಬ್ಯಾಟ್ರಿ? ಶಾಕ್ ಹೊಡಿಯಲ್ವಾ?"

"ನಿಮಗೆ ಹೊಡಿಬೇಕಿತ್ತು," ಎಂದು ಲೋಟವನ್ನು ಕುಕ್ಕಿದೆ. ಅಕ್ಕನ ಕಡೆ ನೋಡಿದೆ. ಆಸ್ಪತ್ರೆಯಲ್ಲಿ ನನ್ನ ಕಾಲು ಹಿಡಿದು ಕೂತಿದ್ದವಳು ಅವಳೇ. "ಶುಭಕಾರ್ಯದಾಗೆ ಅದನ್ನೆಲ್ಲ ಎತ್ಬ್ಯಾಡ ಕಣೇ," ಎಂದು ಹೂವಿನ ಬುಟ್ಟಿ ಬಿಚ್ಚತೊಡಗಿದಳು. ಎಲ್ಲರ ಮೇಲೂ ಅಸಹ್ಯ ಹುಟ್ಟಿತು, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ಮೇಲೂ.

ಸೀದಾ ಒಳಗೆ ಹೋದೆ. ಅಣ್ಣನ ಮಗಳು ಜಡೆ ಹಾಕಿಕೊಂಡು ಮಂಚದ ಮೇಲೆ ಒಬ್ಬಳೇ ಕೂತಿದ್ದಳು. ಬಾಗಿಲು ಹಾಕಿ ಪಕ್ಕದಲ್ಲಿ ಕೂತು, ಬೀಗದಕೈಯಿಂದಲೇ ಮತ್ತೆ ಶುರುಮಾಡಿದೆ. ಅವಳು ತಡೆದಳು.

"ಗೊತ್ತು ಅತ್ತೆ. ರಕ್ತ ಕೊಡಾಕೆ ನಾವಿಬ್ರೂ ಒಪ್ಕಂಡೀವಿ. ಅವನೂ ಬರ್ತಾನೆ. ಅಪ್ಪಂಗೆ ಹೇಳಿಲ್ಲ."

ನನಗೆ ಎದ್ದು ಕುಣಿಯುವಷ್ಟು ಸಂತೋಷವಾಯಿತು. "ನನ್ನ ಬಂಗಾರ! ಒಬ್ರದು ನೆಟ್ಟಗಿದ್ರೆ ನಾನೇ ಮುಂದೆ ನಿಂತು ಅಕ್ಕಿ ಹಾಕ್ತೀನಿ. ಇಬ್ರದೂ ಮುರಿದಿತ್ತು ಅಂದ್ರೆ ಅಲ್ಲಿಗೆ ಬಿಟ್ಬಿಡು."

"ಮುರಿದಿದ್ರೂ ಬಿಡಲ್ಲ. ಮಕ್ಳ ವಿಷಯ ಡಾಕ್ಟ್ರನ್ನ ಕೇಳ್ತೀವಿ. ಬ್ಯಾಡ ಅಂದ್ರೆ ಬ್ಯಾಡ. ಆದ್ರೆ ಮದುವೆ ಅವನ್ನೇ ಆಗೋದು."

"ತಲೆ ಕೆಟ್ಟೈತೇನೆ ನಿಂಗೆ? ಜಗತ್ತಿನಾಗೆ ಬೇರೆ ಗಂಡೇ ಇಲ್ವಾ?"

"ಬಂದಿದ್ರಲ್ಲ ಬೇರೆ ಗಂಡುಗಳು. ತಟ್ಟೆ ಹಿಡ್ಕಂಡು ಹೋದ್ರೆ ಒಬ್ರೂ ನನ್ನ ಮುಖ ನೋಡ್ಲಿಲ್ಲ. ಬಂದೋರೆಲ್ಲ ಕೈ ನೋಡಿದ್ರು, ನಡುಗ್ತೈತಾ ಅಂತ. ಒಬ್ಬಾಕಿ ಅಂತೂ ಎಲ್ರೆದುರಿಗೆ ಸೂಜಿಗೆ ದಾರ ಪೋಣಿಸು ಅಂದ್ಲು. ಪೋಣಿಸಿದೆ. ಅವನೊಬ್ನೇ ಅತ್ತೆ ನನ್ನ ಮುಖ ನೋಡಿ ಮಾತಾಡಿದ್ದು."

"ಥೂ, ಅವರ ಮನೆ ಹಾಳಾಗ! ಮನುಷ್ಯರೇನೇ ಅವ್ರು? ನಾನಿದ್ದಿದ್ರೆ..."

"ನೀವ್ಯಾಕೆ ಬೈತೀರಿ?" ಎಂದಳು. ದನಿ ಏರಿಸಲಿಲ್ಲ. "ಬೆಳಿಗ್ಗೆ ಬಂದಾಗಿಂದ ನೀವೂ ನನ್ನ ಕೈನೇ ನೋಡ್ತಿದ್ದೀರಿ."

ಹೌದು. ಆ ಗಳಿಗೆಯಲ್ಲೂ ನೋಡುತ್ತಿದ್ದದ್ದು ಅದನ್ನೇ, ಮಡಿಲಲ್ಲಿದ್ದ ಅವಳ ಎರಡು ಕೈಗಳನ್ನು, ಬಳೆ ಅಲುಗುತ್ತದೆಯೇ, ಹೆಬ್ಬೆರಳು ಮಿಡಿಯುತ್ತದೆಯೇ ಎಂದು. ಕಣ್ಣು ಎತ್ತಿದೆ. ಅವಳು ಅಳುತ್ತಿದ್ದಳು. ಎಷ್ಟು ಹೊತ್ತಿನಿಂದ ಅಳುತ್ತಿದ್ದಳೋ, ಕಾಡಿಗೆಯೆಲ್ಲ ಗದ್ದದವರೆಗೆ ಇಳಿದಿತ್ತು.