ದೇವರ ಕುರಿ ಬಿಟ್ಟು ತೊಂಬತ್ತಾರು

ಭಾನುವಾರ, ಬೆಳಗಿನ ಆರು ಗಂಟೆ. ಶಿಕಾರಿಪುರದ ಹೊರಗೆ, ಕುರಿರೊಪ್ಪದ ಮುಂದೆ ಉಜ್ಜಪ್ಪ ಎರಡು ತಾಮ್ರದ ಹಂಡೆಗಳಿಗೆ ಬೆಂಕಿಯ ಕಾವು ಹಿಡಿಸುತ್ತಿದ್ದಾರೆ. ಹಂಡೆಯೊಳಗೆ ನೀರಿಲ್ಲ. ಬಾಯಿಗೆ ಹೋತದ ಚರ್ಮ ಬಿಗಿದಿದೆ, ಕಂಠಕ್ಕೆ ಕಬ್ಬಿಣದ ಬಳೆ, ಬಳೆಗೆ ಎಂಟು ತಿರುಪು. ಹುಲ್ಲಿನ ಬೆಂಕಿಯನ್ನು ಮಾರು ದೂರವಿಟ್ಟು, ಎಳೆಗೂಸಿಗೆ ಶಾಖ ಕೊಟ್ಟಂತೆ ಚರ್ಮಕ್ಕೆ ಶಾಖ ಕೊಡುತ್ತಾರೆ. ಬೆರಳಲ್ಲಿ ತಟ್ಟಿದರೆ ‘ಧುಂ’ ಎನ್ನುತ್ತದೆ. ರೊಪ್ಪದೊಳಗಿಂದ ಕರಿಮೂತಿ ಎಂಬ ಕುರಿ ‘ಬ್ಯಾ’ ಎನ್ನುತ್ತದೆ. ಉಜ್ಜಪ್ಪ ಒಂದು ತಿರುಪನ್ನು ಕೂದಲೆಳೆಯಷ್ಟು ಬಿಗಿ ಮಾಡುತ್ತಾರೆ. ಮತ್ತೆ ‘ಧುಂ’, ಮತ್ತೆ ‘ಬ್ಯಾ’. ಈಗ ಎರಡೂ ಒಂದೇ ಸುರ.

“ಕರಿಮೂತಿ ಕೂಗಿನಾಗೆ ಒಂದಿನಾನೂ ವ್ಯತ್ಯಾಸ ಇಲ್ರೀ,” ಎನ್ನುತ್ತಾರೆ. “ಕಾಲೇಜಿನ ಸುರೇಂದ್ರ ಸರ್ ಮೊಬೈಲ್‌ನಾಗೆ ಸುರ ಅಳೆದು ನೋಡಿದ್ರು. ಮೊಬೈಲೇ ಒಂಚೂರು ಇಳಿದಿತ್ತು.”

ಐವತ್ತೆಂಟರ ಉಜ್ಜಪ್ಪ ಕುರಿ ಕಾಯುವವರು. ಹಾಗೆಯೇ ಶಿಕಾರಿಪುರ ಮತ್ತು ಸೊರಬದ ಕಾಲೇಜು ಮಕ್ಕಳು, ಊರ ಜನ ಸೇರಿ ಕಟ್ಟಿಕೊಂಡ ಸಿಂಫನಿ ಆರ್ಕೆಸ್ಟ್ರಾದಲ್ಲಿ ಟಿಂಪನಿ ಎಂಬ ದೊಡ್ಡ ನಗಾರಿ ಬಾರಿಸುವವರು. ಬಳಗದಲ್ಲಿ ಮೂವತ್ತೆಂಟು ಜನ. ಪಿಟೀಲು ಹಿಡಿದವರಲ್ಲಿ ನರ್ಸ್ ಇದ್ದಾರೆ, ಟೈಲರ್ ಇದ್ದಾರೆ. ಟ್ರಂಪೆಟ್ ಊದುವವರು ಮದುವೆ ಬ್ಯಾಂಡ್‌ಸೆಟ್‌ನಿಂದ ಬಂದವರು. ಆರ್ಕೆಸ್ಟ್ರಾ ಎಂದರೆ ಗಣಪತಿ ಪೆಂಡಾಲಿನಲ್ಲಿ ಸಿನಿಮಾ ಹಾಡು ಹೇಳುವವರು ಎಂದುಕೊಂಡು ಮೊದಲ ಕಛೇರಿಗೆ ಬಂದ ಜನ, ಹಾಡುವವರು ಈಗ ಬರುತ್ತಾರೆ, ಆಗ ಬರುತ್ತಾರೆ ಎಂದು ಕೊನೆಯವರೆಗೂ ಕಾದಿದ್ದರಂತೆ. ಕೆಲವರು ಇನ್ನೂ ಕಾಯುತ್ತಿದ್ದಾರೆ ಎಂಬ ಸುದ್ದಿಯೂ ಇದೆ.

ಸುರೇಂದ್ರ ಉಳವಿ ಊರಿನವರು, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ, ಬಳಗದ ಮುಂದೆ ನಿಂತು ಕಡ್ಡಿ ಆಡಿಸುತ್ತಾರೆ. ಐದು ವರ್ಷದ ಹಿಂದೆ ಉಜ್ಜಪ್ಪನವರ ಡೊಳ್ಳು ಕೇಳಲೆಂದು ಮನೆಗೆ ಬಂದವರು, ಹಿತ್ತಲಲ್ಲಿದ್ದ ಹಂಡೆಗಳನ್ನು ಬೆರಳಲ್ಲಿ ತಟ್ಟಿ ನೋಡಿ ಅಲ್ಲೇ ಕೂತುಬಿಟ್ಟರು. ಮರುವಾರ ಹಂಡೆಗಳು ಶಿರಾಳಕೊಪ್ಪದ ವೆಲ್ಡಿಂಗ್ ಅಂಗಡಿಯಲ್ಲಿದ್ದವು.

“ನನ್ನ ತವರಿನವ್ರು ಕೊಟ್ಟ ಹಂಡೆ ರೀ ಅವು,” ಎನ್ನುತ್ತಾರೆ ಉಜ್ಜಪ್ಪನವರ ಹೆಂಡತಿ ಹಾಲಮ್ಮ, ರೊಪ್ಪದ ಬಾಗಿಲಿಗೆ ಬಂದು. “ಅವತ್ತಿಂದ ನಮ್ಮನ್ಯಾಗೆ ಸ್ನಾನ ಪಾತ್ರೀಲಿ, ಸಂಗೀತ ಹಂಡೇಲಿ.”

ಕೆಲಸ ಕೇಳಿದರೆ ಸುಲಭ ಅನ್ನಿಸುತ್ತದೆ. ಸುರೇಂದ್ರ ಬರೆದ ಕೃತಿ ನಲವತ್ತು ನಿಮಿಷದ್ದು. ಅದರಲ್ಲಿ ಉಜ್ಜಪ್ಪನವರಿಗೆ ಇರುವುದು ಇನ್ನೂರ ಹನ್ನೆರಡು ಏಟು. ಮಿಕ್ಕ ಹೊತ್ತೆಲ್ಲ ಕೋಲು ಹಿಡಿದು ಸುಮ್ಮನೆ ನಿಲ್ಲಬೇಕು, ಎಣಿಸಬೇಕು. ತಾಳದ ಒಂದೊಂದು ಸುತ್ತಿಗೂ ಇಂಗ್ಲಿಷಿನಲ್ಲಿ ಬಾರ್ ಎನ್ನುತ್ತಾರಂತೆ. “ತೊಂಬತ್ತಾರು ಬಾರ್ ಸುಮ್ನೆ ದಾಟ್ಬೇಕು ಮಾರಾಯ್ರೇ,” ಎಂದು ಸುರೇಂದ್ರ ಮೊದಲ ದಿನ ಹೇಳಿದಾಗ, “ಶಿರಾಳಕೊಪ್ಪದಾಗೆ ಎರಡು ದಾಟೋದೇ ಕಷ್ಟ ಐತಿ ಸರ್,” ಎಂದು ಟ್ರಂಪೆಟ್ಟಿನವರು ನಕ್ಕರು. ಅಂದಿನಿಂದ ಬಾರ್ ಹೋಗಿ ಸುತ್ತು ಬಂತು.

ಚಿಕ್ಕ ವಿರಾಮಗಳನ್ನು ಕಿವಿಯಿಂದಲೇ ದಾಟುತ್ತಾರೆ; ಎಣಿಸಲೇಬೇಕಾದ ಆ ತೊಂಬತ್ತಾರು ಸುತ್ತೇ ಉಜ್ಜಪ್ಪನವರ ಮುಳ್ಳು. ಅಷ್ಟು ಸುತ್ತು ಮುಗಿಯುವ ಹೊತ್ತಿಗೆ ವಾದ್ಯಗಳೆಲ್ಲ ಒಂದೊಂದಾಗಿ ನಿಂತು ಕೊಳಲೊಂದೇ ಉಳಿಯುತ್ತದೆ. ಅದೂ ನಿಂತ ಕೂಡಲೇ ದೊಡ್ಡ ಹಂಡೆಗೆ ಒಂದೇ ಒಂದು ಏಟು. ಆ ಏಟಿಗೆ ಇಡೀ ಬಳಗ ಒಟ್ಟಿಗೆ ಎದ್ದು ಬರಬೇಕು. ಮೂರು ತಿಂಗಳಿಂದ ಉಜ್ಜಪ್ಪ ಪ್ರತಿ ಸಲವೂ ಸರಿಯಾಗಿ ಒಂದು ಸುತ್ತು ತಡ. ಅರ್ಧ ಜನ ಇವರ ಏಟಿಗೆ ಕಾಯುತ್ತಾರೆ, ಅರ್ಧ ಜನ ಹೊರಟೇಬಿಡುತ್ತಾರೆ. ಬೇಲಿ ಮುರಿದ ಕುರಿಯಂತಾಗುತ್ತದೆ ಸಂಗೀತ.

ಸುರೇಂದ್ರ ಕೈ ಬೀಸಿ ಸನ್ನೆ ಕೊಟ್ಟೂ ನೋಡಿದ್ದಾರೆ. “ಸರ್ ಸೊಳ್ಳೆಗೂ ಕೈ ಬೀಸ್ತಾರೆ,” ಎನ್ನುತ್ತಾರೆ ಉಜ್ಜಪ್ಪ. “ನಾ ಎಣಿಸಿದ್ದೇ ನನಗೆ ಲೆಕ್ಕ. ನಲವತ್ತು ವರ್ಷ ಕುರಿ ಎಣಿಸೀನಿ, ತಪ್ಪಿಲ್ಲ.”

ಕಳೆದ ವಾರ ಸುರೇಂದ್ರ ತಲೆತಗ್ಗಿಸಿಕೊಂಡೇ ಹೇಳಿದ್ದಾರೆ: ಇವತ್ತಿನ ಸೊರಬದ ಕಛೇರಿಯಲ್ಲೂ ತಪ್ಪಿದರೆ ಮುಂದಿನ ಸಲದಿಂದ ಹಂಡೆಯ ಜಾಗದಲ್ಲಿ ಕೀಬೋರ್ಡು. ಗುಂಡಿ ಒತ್ತಿದರೆ ಅದೂ ‘ಧುಂ’ ಎನ್ನುತ್ತದೆ. ಹಾಲಮ್ಮನಿಗೆ ಹಂಡೆ ವಾಪಸು ಸಿಗಬಹುದು, ಆದರೆ ಆಕೆಯೂ ನಾಲ್ಕು ದಿನದಿಂದ ಸರಿಯಾಗಿ ಊಟ ಮಾಡಿಲ್ಲ.

ಆರೂವರೆಗೆ ಗೂಡ್ಸ್ ಆಟೋ ಬರುತ್ತದೆ. ಅದರಲ್ಲಿ ಎದೆಯೆತ್ತರದ ಪಿಟೀಲು ತಬ್ಬಿಕೊಂಡು ಲೋಕಮ್ಮ. ಶಾಲೆಯಲ್ಲಿ ಬಿಸಿಯೂಟ ಮಾಡುವ ಲೋಕಮ್ಮ ಬಳಗದಲ್ಲಿ ಕೂತು ನುಡಿಸುವುದು ಈ ದೊಡ್ಡ ಪಿಟೀಲನ್ನು, ಅಂದರೆ ಚೆಲ್ಲೋವನ್ನು. “ಕುರಿ ಹೊರಗೆ ಬಿಟ್ಟು ಬರ್ತೀನಿ, ಒಂದು ಗಳಿಗೆ ತಡೀರಿ ಅಕ್ಕಾರೆ,” ಎಂದು ಉಜ್ಜಪ್ಪ ರೊಪ್ಪದ ಬಾಗಿಲಿಗೆ ನಿಲ್ಲುತ್ತಾರೆ. ಮೊದಲ ಕುರಿ ದಾಟುತ್ತದೆ. ಉಜ್ಜಪ್ಪ ಹಣೆ ಮುಟ್ಟಿಕೊಳ್ಳುತ್ತಾರೆ. ಆಮೇಲೆ ಶುರು: ಒಂದು, ಎರಡು, ಮೂರು. ಕೊನೆಗೆ, “ನೂರಾ ಇಪ್ಪತ್ತು. ಸರಿ ಐತಿ.”

“ನೂರಾ ಇಪ್ಪತ್ತೊಂದು,” ಎನ್ನುತ್ತಾರೆ ಲೋಕಮ್ಮ ಆಟೋದಿಂದಲೇ. “ನಾ ತಟ್ಟೆ ಎಣಿಸೋ ಹೆಣ್ಮಗಳು. ನನ್ನ ಕಣ್ಣು ತಪ್ಪಲ್ಲ.”

“ಮೊದಲನೇದು ಬೀರಪ್ಪಂದು, ಅಕ್ಕಾರೆ. ದೇವರ ಪಾಲು. ಅದನ್ನ ಎಣಿಸಬಾರದು.”

“ಅಯ್ಯ, ಅದಕ್ಕೇ ಪ್ರತಿ ವರ್ಷ ಲಸಿಕೆ ಡಾಕ್ಟ್ರು ಬಂದಾಗ ಒಂದು ಡೋಸ್ ಕಡಿಮೆ ಬೀಳೋದು,” ಎಂದು ಹಾಲಮ್ಮ ಒಳಗಿನಿಂದ ದನಿಗೂಡಿಸುತ್ತಾರೆ. “ಡಾಕ್ಟ್ರು ಪಾಪ ತಮ್ಮದೇ ಲೆಕ್ಕ ತಪ್ಪು ಅಂದ್ಕೊಂಡಾರೆ!”

ಲೋಕಮ್ಮ ಪಿಟೀಲು ಬಿಟ್ಟು ಕೆಳಗಿಳಿಯುತ್ತಾರೆ. “ಉಜ್ಜಪ್ಪಣ್ಣ, ತೊಂಬತ್ತಾರು ಸುತ್ತು ಎಣಿಸ್ತೀರಲ್ಲ, ಅದರಾಗೆ ಮೊದಲನೇ ಸುತ್ತು ಏನ್ಮಾಡ್ತೀರಿ?”

ಉಜ್ಜಪ್ಪ ಉತ್ತರ ಕೊಡುವ ಮೊದಲೇ ಅವರ ಕೈ ಹಣೆಗೆ ಹೋಗಿರುತ್ತದೆ. ಮೂರು ತಿಂಗಳ ಗುಟ್ಟು ಹೊರಬಿದ್ದದ್ದು ಹೀಗೆ. ದೇವರಿಗೊಂದು ಸುತ್ತು ಬಿಟ್ಟು, ಆಮೇಲೆ ತೊಂಬತ್ತಾರು.

“ಹಂಗಾರೆ ಇವತ್ತು ದೇವರಿಗೆ ಬಿಡಬ್ಯಾಡ್ರಿ.”

“ಆಗಲ್ಲ ಅಕ್ಕಾರೆ. ಬಿಡದಂಗೆ ಎಣಿಸಾಕೆ ನಾಲಿಗೆ ಏಳಲ್ಲ. ಕೀಬೋರ್ಡೇ ಬರ್ಲಿ ಬಿಡ್ರಿ.”

ಆಟೋ ಹೊರಡುತ್ತದೆ. ಹಂಡೆ, ಪಿಟೀಲು, ಡ್ರೈವರ್ ಸೇರಿ ಮೂರು ಜನ. ಶಿರಾಳಕೊಪ್ಪದ ಸಂತೆ ಬಯಲು ದಾಟಿದ ಮೇಲೆ ಲೋಕಮ್ಮ ಬಾಯಿ ಬಿಡುತ್ತಾರೆ: “ಸುಮ್ಮನಾಗೋ ಮುಂಚೆ ಒಂದು ಕೊನೇ ಏಟು ಹೊಡೀತೀರಲ್ಲ? ಆ ಏಟಿನ ಸುತ್ತನ್ನೇ ದೇವರಿಗೆ ಬಿಡ್ರಿ. ಖಾಲಿ ಸುತ್ತು ಕೊಡೋದಕ್ಕಿಂತ ಏಟು ಇರೋದನ್ನ ಕೊಡೋದು ಚೆಂದ ಅಲ್ವಾ?”

ಉಜ್ಜಪ್ಪ ಎರಡು ಮೈಲಿ ಯೋಚಿಸುತ್ತಾರೆ. “ಬರೀ ಕೈ ಒಡ್ಡೋ ಬದಲು ಹಣ್ಣುಕಾಯಿ ಕೊಟ್ಟಂಗೆ,” ಎನ್ನುತ್ತಾರೆ ಕೊನೆಗೆ. “ಬೀರಪ್ಪ ಬ್ಯಾಡ ಅನ್ನಲ್ಲ.”

ಸೊರಬದ ಗಾಳಿಗೆ ತೇವ ಜಾಸ್ತಿ. ಚರ್ಮ ನೆನೆದ ಹಪ್ಪಳದಂತೆ ಇಳಿಯುತ್ತದೆ. ಉಜ್ಜಪ್ಪ ಹಂಡೆಗಳನ್ನು ಕಾಲೇಜಿನ ಮೆಟ್ಟಿಲ ಮೇಲೆ ಬಿಸಿಲಿಗಿಟ್ಟು, ಬಿಸಿಲು ಸರಿದಂತೆ ತಾವೂ ಸರಿಸುತ್ತಾ ಮಧ್ಯಾಹ್ನ ಕಳೆಯುತ್ತಾರೆ. ಕರಿಮೂತಿ ಇಲ್ಲ, ನೆನಪಿನಲ್ಲೇ ಅದರ ಕೂಗು ಕೇಳಿಸಿಕೊಳ್ಳಬೇಕು. ಮೂರೂವರೆಗೆ ಒಳಗೆ ಹೋದರೆ ವೇದಿಕೆಯ ಮೂಲೆಯಲ್ಲಿ, ಕೆಂಪು ಬಟ್ಟೆ ಹೊದ್ದು, ಕೀಬೋರ್ಡು ಕೂತಿದೆ. ಉಜ್ಜಪ್ಪ ಅದನ್ನು ನೋಡುವುದಿಲ್ಲ. ನೋಡಿಲ್ಲ ಎನ್ನುವುದಕ್ಕೆ ಮೂರು ಸಲ ಆ ಕಡೆ ತಿರುಗುತ್ತಾರೆ.

ಕಛೇರಿ ಶುರುವಾಗುತ್ತದೆ. ಇಪ್ಪತ್ತನೇ ನಿಮಿಷಕ್ಕೆ ಆ ಕೊನೆಯ ಏಟು. ‘ಧುಂ’. ಕೈ ಹಣೆಗೆ ಹೋಗುತ್ತದೆ. ಲೋಕಮ್ಮ ಕಮಾನು ಎಳೆಯುತ್ತಲೇ ಓರೆಗಣ್ಣಲ್ಲಿ ನೋಡುತ್ತಾರೆ: ಉಜ್ಜಪ್ಪನವರ ತುಟಿ ‘ಒಂದು’ ಎಂದದ್ದು ಖಾಲಿ ಸುತ್ತಿನ ಮೊದಲಿಗೇ. ರೊಪ್ಪದ ಬಾಗಿಲು ತೆರೆದಿದೆ, ಸುತ್ತುಗಳು ಒಂದೊಂದಾಗಿ ತಲೆ ತಗ್ಗಿಸಿ ದಾಟುತ್ತಿವೆ. ಪಿಟೀಲುಗಳು ನಿಲ್ಲುತ್ತವೆ. ಟ್ರಂಪೆಟ್ ಇಳಿಯುತ್ತದೆ. ಕೊಳಲೊಂದೇ. ತೊಂಬತ್ತನಾಲ್ಕು. ಸುರೇಂದ್ರ ಕಣ್ಣು ಮುಚ್ಚಿಕೊಂಡಿದ್ದಾರೆ. ತೊಂಬತ್ತೈದು. ತೊಂಬತ್ತಾರು.

ಏಟು ಬೀಳುತ್ತದೆ.

ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು ಕುಪ್ಪಗಡ್ಡೆಯವರೆಗೆ ಓಡಿತೆಂದು ಆಮೇಲೆ ಜನ ಹೇಳುತ್ತಾರೆ. ಅಷ್ಟು ದೂರ ಓಡಿತೋ ಇಲ್ಲವೋ, ಬಳಗವಂತೂ ಒಂದೇ ಉಸಿರಿಗೆ ಎದ್ದು ಬರುತ್ತದೆ, ಒಬ್ಬರೂ ಹಿಂದಿಲ್ಲ, ಒಬ್ಬರೂ ಮುಂದಿಲ್ಲ. ಸುರೇಂದ್ರ ಕಣ್ಣು ಬಿಟ್ಟು ನಗುತ್ತಾರೆ, ಕಡ್ಡಿ ಕೈಜಾರಿ ಬೀಳುತ್ತದೆ, ಬರಿಗೈಯಲ್ಲೇ ಉಳಿದದ್ದನ್ನು ಮುಗಿಸುತ್ತಾರೆ.

ಚಪ್ಪಾಳೆ ನಿಂತ ಮೇಲೆ ಅವರು ಸೀದಾ ಹಂಡೆಯ ಹತ್ತಿರ ಬರುತ್ತಾರೆ. “ಉಜ್ಜಪ್ಪನವ್ರೇ, ಎಂತ ಮಾಡಿದ್ರಿ ಇವತ್ತು? ನಾನು ಒಳಗೊಳಗೇ ದೇವರಿಗೆ ಹರಕೆ ಹೊತ್ತಿದ್ದೆ ಮಾರಾಯ್ರೇ.”

“ದೇವರದ್ದು ನಾ ಆಗಲೇ ಕೊಟ್ಟೀನಿ ಸರ್.”

ಕೀಬೋರ್ಡು ಹೊದ್ದ ಬಟ್ಟೆಯಲ್ಲೇ ಜೀಪು ಹತ್ತುತ್ತದೆ. ಆಸೆ ಏನಾದರೂ ಇದೆಯೇ ಎಂದು ಯಾರೋ ಕೇಳಿದರೆ ಉಜ್ಜಪ್ಪ ಚರ್ಮ ಸವರುತ್ತಾ, “ಹಾಲಮ್ಮಂಗೊಂದು ಹಂಡೆ ತಗೋಬೇಕು,” ಎನ್ನುತ್ತಾರೆ. “ಇವು ಇನ್ನು ನೀರಿಗೆ ಬರಲ್ಲ.”

ಸಂಜೆ ಶಿಕಾರಿಪುರಕ್ಕೆ ಹೊರಟ ಬಸ್ಸಿನ ಬಾಗಿಲಲ್ಲಿ ನಿಂತು ಜನ ಎಣಿಸಿ ಹತ್ತಿಸುವ ಕೆಲಸವನ್ನು ಸುರೇಂದ್ರ ಉಜ್ಜಪ್ಪನವರಿಗೇ ಒಪ್ಪಿಸಿದ್ದಾರೆ. ಉಜ್ಜಪ್ಪನವರನ್ನು ಬಿಟ್ಟು ಇಪ್ಪತ್ತಾರು ಜನ ಹತ್ತಬೇಕು. ಎಲ್ಲರೂ ಹತ್ತುತ್ತಾರೆ.

“ಇಪ್ಪತ್ತೈದು. ಸರಿ ಐತಿ,” ಎನ್ನುತ್ತಾರೆ ಉಜ್ಜಪ್ಪ. “ನಮ್ಮ ಹಿಂಡಿನಾಗೆ ಒಂದೂ ತಪ್ಪಿಲ್ಲ.”

“ಅಯ್ಯೋ, ಯಾರೋ ಒಬ್ರು ಉಳಿದ್ರು!” ಎಂದು ಸುರೇಂದ್ರ ಕಾಲೇಜಿನ ಕಡೆ ಓಡಲು ತಿರುಗುತ್ತಾರೆ.

ಮೊದಲ ಸೀಟಿನ ಕಿಟಕಿಯಿಂದ ಲೋಕಮ್ಮ ತಲೆ ಹೊರಹಾಕುತ್ತಾರೆ. “ಯಾರೂ ಉಳಿದಿಲ್ಲ ಸರ್. ಮೊದಲು ಹತ್ತಿದ್ದು ನಾನು. ನಾ ದೇವರ ಪಾಲು. ಬಸ್ ಬಿಡಿಸ್ರಿ.”