ಕಿಟಕಿಗೆ ಬಂದ ಮಡಕೆ

ಬೇಸಿಗೆ ರಜೆ ಬಂತೆಂದರೆ ಆಗ ಶಿಕಾರಿಪುರದ ನಮ್ಮ ಕೇರಿಯ ಮಕ್ಕಳೆಲ್ಲ ಅಜ್ಜಿ ಊರಿಗೆ ಓಡುತ್ತಿದ್ದರು. ನಾನೊಬ್ಬಳು ಫ್ರಿಜ್ಜಿಗೆ ಕಟ್ಟಿಹಾಕಿದ ಕರು. ಎಂಟು ವರ್ಷಕ್ಕೇ ನನಗೆ ಸಕ್ಕರೆ ಕಾಯಿಲೆ. ದಿನವೂ ಇನ್ಸುಲಿನ್ ಚುಚ್ಚಬೇಕು, ಅದನ್ನು ತಂಪಾಗಿಡಬೇಕು. ಕುಪ್ಪಗಡ್ಡೆಯ ಅಜ್ಜಿ ಮನೆಯಲ್ಲಿ ಫ್ರಿಜ್ಜೇ ಇರಲಿಲ್ಲ. ಅತ್ತೂ ಕರೆದೂ ಒಂದು ವರ್ಷ ಅಮ್ಮನನ್ನು ಒಪ್ಪಿಸಿದೆ. "ಔಷಧಿ ಬಿಸಿಯಾತು ಅಂದ್ರೆ ಅವತ್ತೇ ವಾಪಸ್, ನೋಡು" ಎಂದಳು.

ಅಜ್ಜಿ ದೊಡ್ಡ ಮಡಕೆಗೆ ಒದ್ದೆ ಮರಳು ತುಂಬಿ, ನಡುವೆ ಮಣ್ಣಿನ ಕುಡಿಕೆ ಹೂತು, ಅದರೊಳಗೆ ಬಾಟಲಿ ಇಟ್ಟಳು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. "ಕೂಸಿನ ಜೀವ ಇದ್ರೊಳಗಿದೆ, ದೇವ್ರ ಮುಂದೇ ಇರ್ಲಿ" ಎಂದು ಮಡಕೆಗೆ ವಿಭೂತಿ ಬಳಿದು ದೇವರ ಕೋಣೆಗೆ ಒಯ್ದಳು. ಕಿಟಕಿಯೇ ಇಲ್ಲದ ಕೋಣೆ. ಪಕ್ಕದಲ್ಲಿ ಎಣ್ಣೆಯ ಘಾಟು ಬೀರುತ್ತ ಉರಿಯುವ ನಂದಾದೀಪ ಬೇರೆ.

ಆಟದಲ್ಲಿ ನನಗೆ ಮನಸ್ಸೇ ನಿಲ್ಲಲಿಲ್ಲ. ಕುಂಟೆಬಿಲ್ಲೆಯನ್ನು ಅರ್ಧಕ್ಕೇ ಬಿಟ್ಟು ಓಡಿಹೋಗಿ ಕುಡಿಕೆ ಮುಟ್ಟಿ ಬರುತ್ತಿದ್ದೆ. ಮರುದಿನ ಮಧ್ಯಾಹ್ನ ಕೈಗೆ ತಂಪೇ ತಾಗಲಿಲ್ಲ. ಹೇಳಿದರೆ ರಜೆ ಮುಗಿಯಿತು, ಹೇಳದಿದ್ದರೆ ನಾನೇ ಮುಗಿದೆ! ತಡೆಯಲಾರದೆ ಅಜ್ಜಿಯ ಮಡಿಲಿಗೆ ಬಿದ್ದು ಅತ್ತುಬಿಟ್ಟೆ.

ಅಜ್ಜಿ ಬೈಯಲಿಲ್ಲ. ಬೆವೆತ ನನ್ನ ಕತ್ತಿಗೆ ಬೀಸಣಿಗೆ ಬೀಸಿದಳು. ಹಾಯೆನಿಸಿತು. ಬೀಸುತ್ತಿದ್ದ ಕೈ ಥಟ್ಟನೆ ನಿಂತಿತು.

"ಅಯ್ಯೋ, ನನ್ ಬುದ್ಧಿಗಿಷ್ಟು ಬೆಂಕಿ ಹಾಕ! ಗಾಳಿ ಇಲ್ದೆ ನೀರು ಹೆಂಗೆ ಆರ್ತದೆ? ನೀರು ಆರ್ದೆ ತಂಪು ಎಲ್ಲಿಂದ ಬರ್ತದೆ?"

ಮಡಕೆ ಪಡಸಾಲೆಯ ಕಿಟಕಿಗೆ ಬಂತು. "ಮತ್ತೆ ದೇವ್ರು?" ಎಂದೆ.

"ಅವ್ನಿಗೂ ಸೆಕೆನೇ. ಗಾಳಿಗೆ ಬರ್ಲಿ ಬಿಡು" ಎಂದು ಕಿಟಕಿಯ ಚೌಕಟ್ಟಿಗೂ ವಿಭೂತಿ ಎಳೆದಳು.

ಹಳೆಯ ಬಾಟಲಿ ಎಸೆದರು. ಸೋದರಮಾವ ಸೊರಬಕ್ಕೆ ಬೈಕ್ ಓಡಿಸಿ ಹೊಸದನ್ನು ತಂದ. ಫೋನಿನಲ್ಲಿ ಸುದ್ದಿ ಕೇಳಿದ ಅಮ್ಮ ನನ್ನನ್ನು ಕರೆದೊಯ್ಯಲು ಮರುದಿನವೇ ಬಂದಳು. ಕೊಟ್ಟ ನೀರನ್ನೂ ಕುಡಿಯದೆ ನೇರ ಕಿಟಕಿಗೆ ಹೋಗಿ ಕುಡಿಕೆಯೊಳಗೆ ಕೈಯಿಟ್ಟಳು. ಸ್ವಲ್ಪ ಹೊತ್ತು ತೆಗೆಯಲೇ ಇಲ್ಲ. ಆಮೇಲೆ ಅಜ್ಜಿಯ ಕಡೆ ತಿರುಗಿ, "ಬೆಲ್ಲ ಗಿಲ್ಲ ಕೊಡ್ಬೇಡವ್ವ ಇವ್ಳಿಗೆ" ಎಂದಳು. ನಾನು ಕುಣಿದಾಡಿಬಿಟ್ಟೆ.

ಮುಂದೆ ಕಾಲೇಜಿನಲ್ಲಿ ಉಷ್ಣಗತಿಶಾಸ್ತ್ರ ಓದಿದೆ. ಬಿಸಿ ತಾನಾಗಿ ತಣ್ಣನೆಯದರ ಕಡೆಗೇ ಹರಿಯುತ್ತದೆ. ತಂಪು ಉಳಿಯಬೇಕೆಂದರೆ ಏನಾದರೊಂದು ಖರ್ಚಾಗಲೇಬೇಕು. ಫ್ರಿಜ್ಜಿಗೆ ಕರೆಂಟು, ಮಡಕೆಗೆ ಆರಿಹೋಗುವ ನೀರು. ಆ ನೀರನ್ನು ರಜೆಯುದ್ದಕ್ಕೂ ಚಿಮುಕಿಸಿದವಳು ಅಜ್ಜಿ.

ಅಜ್ಜಿ ಈಗಿಲ್ಲ. ನನ್ನ ಮನೆಯಲ್ಲಿ ದೊಡ್ಡ ಫ್ರಿಜ್ಜಿದೆ. ಆದರೂ ಕರೆಂಟು ಹೋದರೆ ಕೂತಲ್ಲಿ ಕೂರಲಾರೆ. ಒಳಗೂ ಹೊರಗೂ ಓಡಾಡಿ ಬಾಟಲಿ ಮುಟ್ಟಿ ನೋಡುತ್ತೇನೆ. ಅದು ತಣ್ಣಗೇ ಇರುತ್ತದೆ. ನನ್ನ ಕತ್ತು ಬೆವೆತಿರುತ್ತದೆ, ಬೀಸುವವರಿಲ್ಲ.