ಸಾಫ್ಟ್‌ವೇರ್ ಬಗ್ಗೆ ವೆರಿಬೀಯಲ್ಲಿ ವಿಚಾರಿಸಿದ್ದು

ಬಾಗಿಲಿನ ಕೀಲು ಒಂದೋ ಎರಡೋ ಎಂದು ದೊಡ್ಡ ಮನುಷ್ಯರು ವರ್ಷಗಟ್ಟಲೆ ಜಗಳಾಡಬಲ್ಲರು ಅಂತ ಸಿಡ್ನಿಗೆ ಬರುವ ಮುಂಚೆ ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ. ನಾನು ಕೆಲಸ ಮಾಡುತ್ತಿದ್ದ ಕಂಪನಿ ಬೀಗ, ಚಿಲಕ, ಹಿಡಿಕೆ, ಕೀಲು ಮಾರುತ್ತಿತ್ತು. ಸಿಡ್ನಿಯವರು ಒಂದು ಜೊತೆ ಕೀಲು ಮಾರಿದರೆ ಎರಡು ಎಂದು ಬರೆಯುತ್ತಿದ್ದರು. ಮೆಲ್ಬರ್ನ್ ಗೋದಾಮಿನವರು ಅದೇ ಜೊತೆಯನ್ನು ಒಂದು ಎನ್ನುತ್ತಿದ್ದರು. ಪ್ರತಿ ಸೋಮವಾರದ ಮೀಟಿಂಗಿನಲ್ಲಿ ಎರಡು ಊರಿನ ಲೆಕ್ಕಗಳು ಮುಖ ತಿರುಗಿಸಿಕೊಂಡು ಕೂರುತ್ತಿದ್ದವು. ನಡುವೆ ಸ್ಪ್ರೆಡ್‌ಶೀಟ್ ಹಿಡಿದುಕೊಂಡು ರಾಜಿ ಮಾಡಿಸುವವಳು ನಾನು.

ಫೋನುಗಳಿಗೆ ಇನ್ನೂ ಗುಂಡಿಗಳಿದ್ದ ಕಾಲ ಅದು. ನಮ್ಮ ಹಣಕಾಸು ವಿಭಾಗದ ಬಾಸ್‌ಗೆ ಈ ಜಗಳ ಸಾಕಾಗಿ, ಎಲ್ಲ ಡೇಟಾವನ್ನೂ ಒಂದೆಡೆ ಸೇರಿಸಿ, ಒತ್ತಿದ ಕೂಡಲೇ ವರದಿ ಕೊಡುವ ಸಾಫ್ಟ್‌ವೇರ್ ಕೊಳ್ಳೋಣ ಎಂದರು. ಅದಕ್ಕೆ ಬಿಸಿನೆಸ್ ಇಂಟೆಲಿಜೆನ್ಸ್ ಎಂಬ ಭಾರೀ ಹೆಸರು. ಮಾರುವವರನ್ನು ಕರೆಸಿ, ಅಳೆದು ತೂಗಿ, ಯಾವುದು ಒಳ್ಳೆಯದೆಂದು ಬರೆದು ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಬಾಸ್ ಹೇಳಿದ ಇನ್ನೊಂದು ಮಾತು ನನ್ನ ಕಿವಿಯಲ್ಲೇ ಉಳಿಯಿತು: "ಇದನ್ನು ಚೆನ್ನಾಗಿ ಮುಗಿಸು. ನಿನ್ನ ಪಿಆರ್ ಸ್ಪಾನ್ಸರ್ ಪೇಪರ್‌ಗೆ ಸಹಿ ಹಾಕ್ತೀನಿ."

ಪಿಆರ್ ಅಂದರೆ ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸುವ ಅನುಮತಿ. ಅಲ್ಲಿಯವರೆಗೆ ನಾವೆಲ್ಲ ಇದ್ದದ್ದು ನನ್ನ ಕಂಪನಿ ವೀಸಾದ ಮೇಲೆ. ನನ್ನ ಗಂಡನ ಕೆಲಸ, ಮಗಳ ಸ್ಕೂಲು, ಹ್ಯಾರಿಸ್ ಪಾರ್ಕ್ ಬಡಾವಣೆಯ ಬಾಡಿಗೆ ಫ್ಲ್ಯಾಟು, ಎಲ್ಲವೂ ಆ ಒಂದು ಸಹಿಗೆ ಕಾಯುತ್ತಿದ್ದವು. ವೀಸಾದ ಅವಧಿ ಮುಗಿಯುತ್ತ ಬಂದಿತ್ತು. ಸಹಿ ಬೀಳದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಹುಬ್ಬಳ್ಳಿ ದಾರಿ ಹಿಡಿಯಬೇಕಿತ್ತು.

ಕೊನೆಗೆ ಎರಡು ಕಂಪನಿಗಳು ಉಳಿದವು. ಮೊದಲನೆಯವರು ದೊಡ್ಡವರು. ಐದು ಜನ ಬಂದರು, ಐವರದೂ ಒಂದೇ ಬಣ್ಣದ ಟೈ. ಅವರ ಡೆಮೋದಲ್ಲಿ ಒಂದು ಐಸ್‌ಕ್ರೀಮ್ ಅಂಗಡಿ ಇತ್ತು. ಭೂಪಟ ಒತ್ತಿದರೆ ವೆನಿಲ್ಲಾ ಏರುತ್ತಿತ್ತು, ಮ್ಯಾಂಗೋ ಇಳಿಯುತ್ತಿತ್ತು, ದುಂಡನೆಯ ಚಾರ್ಟುಗಳು ಗಿರಗಿರ ತಿರುಗುತ್ತಿದ್ದವು. ಬಾಸ್ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ನಾನು ಕೈ ಎತ್ತಿ, "ನಮ್ಮ ಕೀಲಿನ ಡೇಟಾ ಕೊಡ್ತೀನಿ, ಅದನ್ನು ಹಾಕಿ ತೋರಿಸಿ" ಎಂದೆ. ಅವರ ಮುಖಂಡ ಹಲ್ಲು ಬಿಟ್ಟು, ಒಳ್ಳೆಯ ಪ್ರಶ್ನೆ, ಅದನ್ನು ಕೊಂಡ ಮೇಲೆ ಎರಡನೇ ಹಂತದಲ್ಲಿ ನೋಡೋಣ ಅಂದ. ಸೀರೆ ಅಂಗಡಿಯಲ್ಲಿ ಸೆರಗು ಬಿಚ್ಚಿ ತೋರಿಸದವನ ಹತ್ತಿರ ಯಾರಾದರೂ ಸೀರೆ ಕೊಳ್ಳುತ್ತಾರೆಯೇ? ಮೈ ಉರಿದುಹೋಯಿತು.

ಎರಡನೆಯವರು ಮೆಲ್ಬರ್ನಿನ ಸಣ್ಣ ಕಂಪನಿ. ಬಂದದ್ದು ಒಬ್ಬಳೇ. ಅವಳ ಲ್ಯಾಪ್‌ಟಾಪ್ ನಮ್ಮ ಪ್ರೊಜೆಕ್ಟರಿನ ಮಾತು ಕೇಳಲಿಲ್ಲ. ಆದರೆ ನಮ್ಮ ಡೇಟಾ ಹಾಕಿ ಅರ್ಧ ಗಂಟೆ ನೋಡಿದವಳು, "ಇದನ್ನು ಯಾವ ಸಾಫ್ಟ್‌ವೇರೂ ಸರಿ ಮಾಡಲ್ಲ. ಜೊತೆ ಅಂದರೆ ಒಂದಾ ಎರಡಾ ಅಂತ ಮೊದಲು ನೀವು ತೀರ್ಮಾನ ಮಾಡಿ" ಎಂದಳು. ಎದ್ದು ಕೈ ಕುಲುಕಬೇಕೆನಿಸಿತು. ಬಾಸ್ ಗಡಿಯಾರ ನೋಡಿಕೊಂಡರು.

ಅಂಕ ಹಾಕಿ ಕೂಡಿಸಿದರೆ ಸಣ್ಣವರು ಮುಂದಿದ್ದರು. ಬಾಸ್ ಅದನ್ನು ನೋಡಿ, "ನೋಟಕ್ಕೆ ಕೊಟ್ಟ ತೂಕ ಸ್ವಲ್ಪ ಕಡಿಮೆ ಆಯ್ತು ಅನ್ಸುತ್ತೆ" ಎಂದರು. ಹೆಚ್ಚಿಸಿದೆ. ಇನ್ನೂ ಸ್ವಲ್ಪ ಎಂದರು. ಇನ್ನೂ ಹೆಚ್ಚಿಸಿದೆ. ಟೈಗಳು ಗೆಲ್ಲುವವರೆಗೂ ತಕ್ಕಡಿಯ ಕಲ್ಲು ಬದಲಾಯಿಸಿದೆವು. ಇದಕ್ಕೆ ಮೌಲ್ಯಮಾಪನ ಎನ್ನುತ್ತಾರೆ.

ಉಳಿದದ್ದು, ಈಗಾಗಲೇ ಆ ಸಾಫ್ಟ್‌ವೇರ್ ಕೊಂಡವರನ್ನು ವಿಚಾರಿಸುವುದು. ಟೈಯವರೇ ಒಂದು ಹೆಸರು ಕೊಟ್ಟರು: ಮೆಲ್ಬರ್ನಿನ ಒಂದು ಪೇಂಟ್ ಕಂಪನಿ. ಅಲ್ಲಿಯ ದೊಡ್ಡವರು ಸ್ಪೀಕರ್ ಫೋನಿನಲ್ಲಿ ಫೆಂಟಾಸ್ಟಿಕ್ ಅಂದರು, ತೊಂದರೆ ಏನಾದರೂ ಇದೆಯೇ ಎಂದರೆ ಮತ್ತೊಮ್ಮೆ ಫೆಂಟಾಸ್ಟಿಕ್ ಅಂದರು. ಬಾಸ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಆ ಸಂಜೆ ಮನೆಯಲ್ಲಿ ಇದನ್ನೆಲ್ಲ ಕಾರಿಕೊಂಡೆ. ಧಾರವಾಡದಿಂದ ಒಂದು ವರ್ಷದ ವೀಸಾದಲ್ಲಿ ನಮ್ಮತ್ತೆ ಬಂದಿದ್ದರು. ಅವರಿಗೆ ಸಾಫ್ಟ್‌ವೇರ್ ಗೊತ್ತಿಲ್ಲ, ಆದರೆ ತಮ್ಮ ಬಳಗದ ಅರ್ಧ ಮದುವೆಗಳ ಹಿಂದಿನ ವಿಚಾರಣೆ ಅವರದೇ. ಚಪಾತಿ ಲಟ್ಟಿಸುತ್ತ ಕೇಳಿಸಿಕೊಂಡವರು ಲಟ್ಟಣಿಗೆ ನಿಲ್ಲಿಸಿದರು.

"ಅಲ್ಲವ್ವಾ, ಹುಡುಗನ ಬಗ್ಗೆ ಹುಡುಗನ ಸೋದರಮಾವನ್ನ ಕೇಳಿದ್ರ ಏನ್ ಹೇಳ್ತಾನ? ಬಂಗಾರದಂಥಾ ಹುಡುಗ ಅಂತಾನ. ಅವ್ರು ತೋರಿಸಿದ ಮಂದೀನ್ನ ಕೇಳಬಾರ್ದು. ಹಿತ್ತಲ ಕಡಿಂದ ಹೋಗಬೇಕು."

"ಮೆಲ್ಬರ್ನಿನ ಕಂಪನಿಗೆ ಹಿತ್ತಲು ಎಲ್ಲಿಂದ ತರ್ಲಿ ಅತ್ತಿ?"

"ನೀ ಸುಮ್ಮನಿರು. ನಾ ನೋಡ್ತೀನಿ."

ನೋಡಿಯೇ ಬಿಟ್ಟರು. ಹ್ಯಾರಿಸ್ ಪಾರ್ಕಿನ ದಿನಸಿ ಅಂಗಡಿಯಲ್ಲಿ ಕನ್ನಡ ಮಾತಾಡುವ ಹೆಂಗಸರು ಕಂಡರೆ ಸಾಕು, "ನಿಮ್ಮವರು ಯಾರರ ಮೆಲ್ಬರ್ನ್‌ನ್ಯಾಗ ಬಣ್ಣದ ಕಂಪನ್ಯಾಗ ಅದಾರೇನು?" ಎಂದು ತಡೆದು ನಿಲ್ಲಿಸತೊಡಗಿದರು. ನಾನು ಬೇಳೆ ಪ್ಯಾಕೆಟ್ಟುಗಳ ಹಿಂದೆ ಅಡಗಿಕೊಳ್ಳುತ್ತಿದ್ದೆ. ಒಂದು ಭಾನುವಾರ ಉಡುಪಿ ಕಡೆಯ ಒಬ್ಬ ಆಂಟಿ ಸಿಕ್ಕರು. ಅವರ ತಂಗಿ ಮೆಲ್ಬರ್ನಿನ ಹೊರವಲಯದ ವೆರಿಬೀಯಲ್ಲಿದ್ದಳು, ತಂಗಿಯ ಗಂಡ ಅದೇ ಪೇಂಟ್ ಕಂಪನಿಯಲ್ಲಿ ವರದಿ ತಯಾರಿಸುವ ವಿಭಾಗದಲ್ಲಿದ್ದರು. ಅತ್ತೆ ನನ್ನತ್ತ ತಿರುಗಿ ಬೀರಿದ ನೋಟವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಗೋದಾಮಿನ ಕೆಲಸಕ್ಕೆಂದು ನಾನು ಮೆಲ್ಬರ್ನಿಗೆ ಹೋಗುವುದಿತ್ತು. ಅತ್ತೆ ತಮ್ಮ ಟಿಕೆಟ್ಟನ್ನೂ ಬುಕ್ ಮಾಡಿಸಿಕೊಂಡರು. ಶನಿವಾರ ವೆರಿಬೀ ಸ್ಟೇಷನ್ನಿನಲ್ಲಿ ಇಳಿದಾಗ ಅವರ ಕೈಯಲ್ಲಿ ಹಣ್ಣು, ಎಲೆ ಅಡಿಕೆ, ಬ್ಲೌಸ್ ಪೀಸ್. ಸಾಫ್ಟ್‌ವೇರ್ ವಿಚಾರಿಸಲು ಬ್ಲೌಸ್ ಪೀಸ್ ಯಾಕೆ ಎಂದು ಕೇಳಿದ್ದಕ್ಕೆ, "ಬರಿಗೈಲೇ ಹೋಗಿ ಕೇಳಿದ್ರ ಯಾರೂ ಖರೆ ಹೇಳೂದಿಲ್ಲ" ಎಂದರು.

ಆ ಮನೆಯಲ್ಲಿ ನೀರ್‌ದೋಸೆಯಾಯಿತು, ಚಹಾ ಆಯಿತು. ಸಾಫ್ಟ್‌ವೇರ್ ಹೇಗಿದೆ ಎಂದು ನಾನು ಕೇಳಿದರೆ ಮನೆಯ ಯಜಮಾನರು, "ಒಳ್ಳೆದುಂಟು ಮಾರಾಯ್ರೆ, ತೊಂದರೆ ಎಂತ ಇಲ್ಲ" ಎನ್ನುತ್ತ ಮತ್ತೊಂದು ದೋಸೆ ಬಡಿಸಿದರು. ಅಂಕಿಗಳು ತಾಳೆಯಾಗುತ್ತವೆಯೇ ಎಂದೆ. "ಆಗ್ತದೆ, ಆಗ್ತದೆ." ನಿಧಾನವಿದೆಯೇ ಎಂದೆ. "ಸ್ವಲ್ಪ ಉಂಟು. ಯಾವುದಕ್ಕಿಲ್ಲ ಹೇಳಿ." ಮುಖ ಮಾತ್ರ ತಟ್ಟೆಯ ಕಡೆ. ಇಷ್ಟು ದೂರ ಬಂದದ್ದು ದಂಡವಾಯಿತಲ್ಲ ಎಂದು ನನಗೆ ಒಳಗೊಳಗೇ ಕುದಿಯುತ್ತಿತ್ತು.

ಅತ್ತೆ ಅವರನ್ನು ಏನೂ ಕೇಳಲಿಲ್ಲ. ಅಡುಗೆಮನೆಗೆ ಹೋಗಿ ಆ ಮನೆಯಾಕೆಗೆ ಬ್ಲೌಸ್ ಪೀಸ್ ಕೊಟ್ಟು, ಅಲ್ಲಿಂದಲೇ ನಮಗೂ ಕೇಳುವಂತೆ, "ನಿಮ್ಮವರಿಗೆ ರಜಾ ಯಾವಾಗವ್ವಾ? ನಾಳೆ ಎಲ್ಲಾರೂ ಕೂಡಿ ಸಮುದ್ರ ನೋಡಾಕ ಹೋಗೂಣೇನು?" ಎಂದರು.

"ಆದಿತ್ಯವಾರವಾ? ಎಲ್ಲಿಯ ರಜೆ ಅಮ್ಮ," ಆಕೆಯ ದನಿ ಏರಿತು. "ಆ ದರಿದ್ರ ಸಾಫ್ಟ್‌ವೇರ್ ಬಂದಂದಿನಿಂದ ಆದಿತ್ಯವಾರ ಇವರ ಮುಖ ನೋಡ್ಲಿಕ್ಕಿಲ್ಲ. ಅದು ಕೊಡುವ ಲೆಕ್ಕ ಒಂದೂ ಸರಿ ಬರುವುದಿಲ್ಲ. ಇವರು ಆಫೀಸಿಗೆ ಹೋಗಿ, ಎಲ್ಲ ಕೈಯಲ್ಲಿ ಪುನಃ ಮಾಡಿ, ಸೋಮವಾರ ಬೆಳಿಗ್ಗೆ ಅದರೊಳಗೆ ತುರುಕಿಸುವುದು. ದೊಡ್ಡವರು ನೋಡಿ ಫೆಂಟಾಸ್ಟಿಕ್ ಹೇಳುವುದು."

ಹಜಾರದಲ್ಲಿ ಯಜಮಾನರು ದೋಸೆಯ ಸಟ್ಟುಗ ಕೆಳಗಿಟ್ಟರು. "ಹೌದು," ಎಂದರು. "ಆಗುವ ಕೆಲಸಕ್ಕೆ ನಾನ್ಯಾಕೆ ಕಲ್ಲು ಹಾಕುವುದು ಅಂತ ಸುಮ್ಮನಿದ್ದೆ. ನನ್ನ ಹೆಸರು ಮಾತ್ರ ಹೇಳ್ಬೇಡಿ, ಕೆಲಸ ಹೋದೀತು." ನಾನು ಹೇಳುವುದಿಲ್ಲವೆಂದು ಮಾತು ಕೊಟ್ಟೆ. ರೈಲಿನಲ್ಲಿ ಅತ್ತೆ ಕಿಟಕಿ ಪಕ್ಕ ಕೂತು ಆರಾಮಾಗಿ ನಿದ್ದೆ ಹೋದರು.

ಮಂಗಳವಾರ ಮೀಟಿಂಗು. ಆಯ್ಕೆಯ ವರದಿ ನನ್ನ ಹೆಸರಿನಲ್ಲಿ ಸಿದ್ಧವಾಗಿತ್ತು, ಗೆದ್ದವರು ಟೈಗಳು. ಸಹಿ ಮಾಡುವುದಷ್ಟೇ ಬಾಕಿ. ನಾನು, ಇದು ಪೇಂಟ್ ಕಂಪನಿಯಲ್ಲಿ ಕೆಲಸ ಮಾಡುತ್ತಿಲ್ಲ, ಲೆಕ್ಕವನ್ನು ಮನುಷ್ಯರು ಕೈಯಲ್ಲಿ ಮಾಡುತ್ತಿದ್ದಾರೆ ಎಂದೆ. ಯಾರು ಹೇಳಿದರು ಎಂದು ಬಾಸ್ ಕೇಳಿದರು. ಹೇಳಲಾರೆ ಎಂದೆ. ಯಾವ ಹುದ್ದೆಯವರು? ಹೇಳಲಾರೆ. ಅವರು ಕುರ್ಚಿಗೆ ಒರಗಿ, "ಹೆಸರಿಲ್ಲದವರ ಮಾತು ನಂಬಿ ಇಡೀ ಪ್ರಾಜೆಕ್ಟ್ ನಿಲ್ಲಿಸಬೇಕಾ?" ಎಂದು ನಕ್ಕರು. ಅವರು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ, ಅದೇ ನನಗೆ ಇನ್ನಷ್ಟು ಕೋಪ ತರಿಸಿತು.

ಮಗಳ ಸ್ಕೂಲು ಕಣ್ಣ ಮುಂದೆ ಬಂತು. ಸಹಿ ಮಾಡಿದರೆ ಯಾರ ಗಂಟು ಹೋಗುತ್ತದೆ ಎಂದೂ ಅನಿಸಿತು. ಆದರೂ ಬಾಯಿ ನನ್ನ ಮಾತು ಕೇಳಲಿಲ್ಲ. "ಕೊಳ್ಳುವುದಾದರೆ ಕೊಳ್ಳಿ. ನನ್ನ ಹೆಸರು ಹಾಕಬೇಡಿ" ಎಂದುಬಿಟ್ಟೆ. ಬಾಸ್ ನನ್ನ ಹೆಸರು ಅಳಿಸಿ ತಮ್ಮ ಹೆಸರು ಹಾಕಿಕೊಂಡರು. ಪಿಆರ್ ಮಾತು ಅಲ್ಲಿಂದಾಚೆಗೆ ಅವರ ಬಾಯಲ್ಲಿ ಬರಲಿಲ್ಲ. ಮನೆಯಲ್ಲಿ ನಾನೂ ಬಾಯಿ ಬಿಡಲಿಲ್ಲ. ಏನಾಯ್ತು ಎಂದು ಗಂಡ ಕೇಳಿದಾಗಲೆಲ್ಲ, ಪ್ರೋಸೆಸ್‌ನಲ್ಲಿದೆ ಎನ್ನುತ್ತಿದ್ದೆ.

ಸಾಫ್ಟ್‌ವೇರ್ ಬಂತು. ಬಲೂನು ಕಟ್ಟಿದರು, ಕೇಕ್ ಕತ್ತರಿಸಿದರು. ಮೊದಲ ಸೋಮವಾರ ಅದು ಕೀಲಿನ ಲೆಕ್ಕ ಕೊಟ್ಟಿತು. ಮುಂಚೆ ನಮಗೆ ಎರಡು ಸಂಖ್ಯೆಗಳಿದ್ದವು, ಸಿಡ್ನಿಯದೊಂದು, ಮೆಲ್ಬರ್ನಿನದೊಂದು. ಈಗ ಮೂರಾದವು. ಮೂರನೆಯದು ಬಣ್ಣ ಬಣ್ಣವಾಗಿತ್ತು. ಕೆಲವು ಸೋಮವಾರ ಬಾಸ್ ಅದನ್ನು ಸಮರ್ಥಿಸಿಕೊಂಡರು. ಆಮೇಲೆ ಒಂದು ದಿನ ಕಾಫಿ ಲೋಟ ಹಿಡಿದು ನನ್ನ ಮೇಜಿನ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ, "ನಿನ್ನ ಹಳೇ ಸ್ಪ್ರೆಡ್‌ಶೀಟ್ ಇನ್ನೂ ಇದೆಯಾ?" ಎಂದರು.

ಇತ್ತು. ಆದರೆ ಅದನ್ನು ನಡೆಸುವವಳ ವೀಸಾ ಮುಗಿಯುತ್ತ ಬಂದಿದೆ ಎಂದು ಎಚ್‌ಆರ್‌ನವರು ಅವರಿಗೆ ನೆನಪಿಸಿದರು. ಲೋಟದ ಕಾಫಿ ಆರುವುದರೊಳಗೆ ಸ್ಪಾನ್ಸರ್ ಪೇಪರ್‌ಗೆ ಸಹಿ ಬಿತ್ತು. ಆ ಸಾಫ್ಟ್‌ವೇರ್ ಸರಿಯಾಗಿ ಕೆಲಸ ಮಾಡಿದ್ದರೆ ನಾನು ಇವತ್ತು ಆಸ್ಟ್ರೇಲಿಯಾದಲ್ಲಿರುತ್ತಿರಲಿಲ್ಲ.

ಪಿಆರ್ ಮಂಜೂರಾದ ದಿನ ಗಂಡ ಸ್ವೀಟು ತಂದು, ನಿನ್ನ ಬಾಸ್ ದೇವರಂಥ ಮನುಷ್ಯ ಎಂದ. ನನಗೆ ತಡೆಯಲಾಗಲಿಲ್ಲ. ನಡೆದದ್ದೆಲ್ಲ ಹೇಳಿಬಿಟ್ಟೆ. ಅವನ ಮುಖ ಸಣ್ಣದಾಯಿತು. "ಅಷ್ಟೆಲ್ಲ ಪಣಕ್ಕಿಟ್ಟು ಬಂದಿ. ನನಗೊಂದು ಮಾತು ಹೇಳಬಾರದಾಗಿತ್ತಾ?"

ಅತ್ತೆ ನೆಲದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ತಲೆ ಎತ್ತದೆ, "ನನಗ ಅವತ್ತ ಗೊತ್ತಾಗಿತ್ತು," ಎಂದರು. "ಮನಿಗೆ ಬಂದಾಕಿ ಮಾರಿ ನೋಡಿದ್ರ ತಿಳಿಯೂದಿಲ್ಲೇನು?"

"ಗೊತ್ತಿದ್ದೂ ಸುಮ್ಮನಿದ್ದಿಯಲ್ಲ ಅವ್ವಾ?" ಎಂದ ಮಗ.

"ಮತ್ತೇನ್ ಮಾಡ್ಲಿ? ನಿನ್ನ ಮದುವಿ ಮೊದಲ ಹುಬ್ಬಳ್ಯಾಗ ಇಕಿ ಬ್ಲೌಸ್ ಹೊಲಿಯೋ ಟೇಲರ್‌ನ ಕೇಳಿದ್ದೆ. ಅಳತಿ ಕೆಡಿಸಿದಿ ಅಂತ ಅಂಗಡ್ಯಾಗ ನಿಂತು ಅವನ ಮಾನ ಕಳದಿದ್ಲಂತ. ಮರುದಿನ ತಾನ ಬಂದು, ಅಳತಿ ಬ್ಲೌಸ್ ನಾನ ತಪ್ಪು ಕೊಟ್ಟಿದ್ದೆ ಅಂತ ಅಷ್ಟೂ ಗಿರಾಕಿ ಮುಂದ ಹೇಳಿ ಹೋದ್ಲಂತ. ಬಾಯಿ ಭಾಳ ಜೋರ ಅದರೀ, ಆದ್ರ ಸುಳ್ಳು ನುಂಗಾಕ ಬರೂದಿಲ್ಲ ಅಂದಾ ಅಂವಾ." ಒಂದು ಎಸಳು ಬಟ್ಟಲಿಗೆ ಹಾಕಿದರು. "ಗೊತ್ತಿದ್ದ ತಂದುಕೊಂಡೇನಿ."

ನನ್ನ ಫಸ್ಟ್ ಕ್ಲಾಸ್ ಎಂ.ಎಸ್ಸಿ. ನೋಡಿ ಒಪ್ಪಿದ್ದರು ಎಂದೇ ನಾನು ಅಷ್ಟು ವರ್ಷ ತಿಳಿದುಕೊಂಡಿದ್ದೆ. ಕಣ್ಣಲ್ಲಿ ನೀರು ಬಂತು. ಈರುಳ್ಳಿಯಾಗಿದ್ದರೆ ಅದರ ಮೇಲೆ ಹಾಕಬಹುದಿತ್ತು, ಅವರು ಸುಲಿಯುತ್ತಿದ್ದದ್ದು ಬೆಳ್ಳುಳ್ಳಿ.